ವ್ಯಾನಿನ ಹಿಂದೆ ಟ್ರೇಲರ್ ಅಲ್ಲಾಡುತ್ತಿದೆಯೇ? ಪಾನಾ ಹಿಡಿಯುವ ಮೊದಲು ತೂಕ ನೋಡಿ

ಕಲಬುರಗಿ, ಬೀದರ್ ಕಡೆ ಎರಡು ಗಾಲಿಯ ಸಣ್ಣ ಟ್ರೇಲರಿಗೆ ಕೆಲಸ ಬಹಳ. ಮದುವೆಗೆ ಜನರೇಟರ್ ಒಯ್ಯಬೇಕು, ಶಾಮಿಯಾನದ ಕಂಬಿ ಒಯ್ಯಬೇಕು, ಮನೆ ಕೆಲಸಕ್ಕೆ ಶಹಾಬಾದ್ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ತರಬೇಕು. ಇನ್ನೋವಾದಂಥ ಏಳು ಸೀಟಿನ ಗಾಡಿ ಮನೆಯಲ್ಲಿದ್ದರೆ ಅದರ ಹಿಂದೆಯೇ ಟ್ರೇಲರ್ ಕಟ್ಟುತ್ತಾರೆ. ಊರೊಳಗೆ 30-40ರಲ್ಲಿ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ಹುಮನಾಬಾದ್ ರಸ್ತೆ ಹಿಡಿದು 65-70 ಮುಟ್ಟಿದ ಮೇಲೆ ಟ್ರೇಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಗ್ಗಲು ಶುರು ಮಾಡುತ್ತದೆ. ಮುಂದಿನ ಗಾಡಿಯ ಹಿಂಭಾಗವೂ ಅದರ ಜೊತೆ ಅಲುಗುತ್ತದೆ.

ಆಗ ಹೆಚ್ಚಿನವರು ಮೊದಲು ಅನುಮಾನಪಡುವುದು ಕೊಂಡಿಯ ಮೇಲೆ. ಮಿಸ್ತ್ರಿ ಹತ್ತಿರ ಹೋಗಿ ಬೋಲ್ಟ್ ಬಿಗಿ ಮಾಡಿಸುತ್ತಾರೆ, ವೀಲ್ ಅಲೈನ್‌ಮೆಂಟ್ ಮಾಡಿಸುತ್ತಾರೆ, ಟೈರ್ ಬದಲಿಸುತ್ತಾರೆ. ದುಡ್ಡು ಹೋಗುತ್ತದೆ, ಅಲ್ಲಾಟ ಹಾಗೇ ಉಳಿಯುತ್ತದೆ. ಬಹಳ ಸಲ ತಪ್ಪು ಇರುವುದು ಮಾಲು ಹೇರಿದ ರೀತಿಯಲ್ಲಿ. ಅದನ್ನು ಕಂಡುಹಿಡಿಯಲು ಬೇಕಾಗುವುದು ಒಂದು ತೂಕದ ಯಂತ್ರ, ಒಂದು ಟೇಪು. ಅದಕ್ಕೇ ಇಲ್ಲಿ ಹೇಳುವ ಕ್ರಮ ಹೀಗಿದೆ: ಮೊದಲು ಭಾರ, ಆಮೇಲೆ ಟೈರಿನ ಗಾಳಿ, ಆಮೇಲೆ ಕೊಂಡಿ, ಕೊನೆಗೆ ಗಾಲಿ ಮತ್ತು ಅಚ್ಚು (ಆಕ್ಸಲ್). ದಯವಿಟ್ಟು ಈ ಕ್ರಮ ತಪ್ಪಿಸಬೇಡಿ.

ರಸ್ತೆಯಲ್ಲೇ ಅಲ್ಲಾಟ ಶುರುವಾದರೆ

ದೋಷ ಹುಡುಕುವುದು ಆಮೇಲಿನ ಮಾತು. ಮೊದಲು ಜೀವ ಉಳಿಯಬೇಕು.

ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯಿರಿ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ನೇರ ಹಿಡಿಯಿರಿ. ಗಾಡಿ ತಾನಾಗಿ ನಿಧಾನವಾಗಲಿ. ಬ್ರೇಕನ್ನು ಜೋರಾಗಿ ಒತ್ತಬೇಡಿ. ಮುಂದಿನ ಗಾಡಿ ನಿಂತರೂ ಟ್ರೇಲರ್ ಹಿಂದಿನಿಂದ ನೂಕುತ್ತಲೇ ಇರುತ್ತದೆ, ಎರಡೂ ಕೊಂಡಿಯ ಹತ್ತಿರ ಮಡಚಿಕೊಳ್ಳುತ್ತವೆ. ಅದು ಎಡಕ್ಕೆ ಎಳೆದಾಗ ಬಲಕ್ಕೆ ಸ್ಟೀರಿಂಗ್ ತಿರುಗಿಸಿ ಸರಿ ಮಾಡಲೂ ಹೋಗಬೇಡಿ. ನಮ್ಮ ಕೈ ಯಾವಾಗಲೂ ಒಂದು ಕ್ಷಣ ತಡ. ನೀವು ತಿರುಗಿಸುವಷ್ಟರಲ್ಲಿ ಟ್ರೇಲರ್ ಆ ಕಡೆಗೇ ಹೊರಟಿರುತ್ತದೆ, ನೀವೇ ಅದಕ್ಕೆ ಬಲ ಕೊಟ್ಟಂತಾಗುತ್ತದೆ.

‘ಸ್ಪೀಡ್ ಜಾಸ್ತಿ ಮಾಡಿದರೆ ನೇರ ಆಗುತ್ತದೆ’ ಎಂದು ಹೇಳುವವರಿದ್ದಾರೆ. ಈ ಮಾತು ಕೇಳಲೇಬೇಡಿ. ಪ್ರತಿ ಗಾಡಿ-ಟ್ರೇಲರ್ ಜೋಡಿಗೂ ಒಂದು ಮಿತಿ ವೇಗ ಇರುತ್ತದೆ. ಅದಕ್ಕಿಂತ ಕೆಳಗೆ ಸಣ್ಣ ಅಲ್ಲಾಟ ಒಂದೆರಡು ಸಲ ಆಡಿ ತಾನೇ ನಿಲ್ಲುತ್ತದೆ. ಅದನ್ನು ದಾಟಿದರೆ ಪ್ರತಿ ಸಲವೂ ಹಿಂದಿನ ಸಲಕ್ಕಿಂತ ದೊಡ್ಡದಾಗುತ್ತದೆ. ಅಲ್ಲಾಟ ಬೆಳೆಯುತ್ತಿದೆ ಎಂದರೆ ನೀವು ಆಗಲೇ ಮಿತಿ ದಾಟಿದ್ದೀರಿ. ಅಲ್ಲಿಂದ ಕೆಳಗಿಳಿಯುವುದೊಂದೇ ದಾರಿ.

ಯಾವಾಗ ಆಗುತ್ತದೆ, ಅದನ್ನು ಮೊದಲು ಗಮನಿಸಿ

ವೇಗ ಏರಿದಾಗ ಮಾತ್ರ ಬರುತ್ತದೆ, ನಿಧಾನ ಮಾಡಿದರೆ ಹೋಗುತ್ತದೆ ಎಂದಾದರೆ ಮೊದಲ ಅನುಮಾನ ಭಾರದ ಮೇಲೆ. ಬಸ್ಸು, ಲಾರಿ ಓವರ್‌ಟೇಕ್ ಮಾಡಿದಾಗ ಟ್ರೇಲರ್ ಒಮ್ಮೆ ಆಚೆ ತಳ್ಳಿಸಿಕೊಂಡು ಮತ್ತೆ ಈಚೆ ಎಳೆಸಿಕೊಳ್ಳುವುದು ಸಹಜ, ಗಾಳಿ ಹಾಗೆ ಮಾಡುತ್ತದೆ. ಒಮ್ಮೆ ಅಲುಗಿ ನಿಂತರೆ ಚಿಂತೆ ಇಲ್ಲ. ನಾಲ್ಕೈದು ಸಲ ಆಡಿದರೆ ಚಿಂತೆ ಮಾಡಬೇಕು. ನಮ್ಮ ಕಡೆ ರಸ್ತೆಯ ಎರಡೂ ಬದಿ ತೊಗರಿ ಹೊಲ, ಗಾಳಿಗೆ ಅಡ್ಡ ಏನೂ ಇರುವುದಿಲ್ಲ. ಜೂನ್-ಜುಲೈ ಗಾಳಿಯಲ್ಲಿ ತಾಡಪತ್ರಿ ಹೊದಿಸಿದ ಎತ್ತರದ ಟ್ರೇಲರ್ ಇನ್ನೂ ಬೇಗ ಅಲುಗುತ್ತದೆ.

ಒಂದೇ ಕಡೆಗೆ ಸದಾ ಎಳೆದರೆ ಟೈರಿನ ಗಾಳಿ, ಸೊಟ್ಟ ಅಚ್ಚು, ಅಥವಾ ಬಿಗಿ ಹಿಡಿದ ಬೇರಿಂಗ್. ಹೊರಡುವಾಗ, ನಿಲ್ಲಿಸುವಾಗ ‘ಟಣ್’ ಎಂದು ಬಡಿದರೆ ಕೊಂಡಿ. ಎಲ್ಲ ವೇಗದಲ್ಲೂ ಗರಗರ ಸದ್ದು ಬಂದು, ವೇಗದ ಜೊತೆ ಸದ್ದೂ ಏರಿದರೆ ಬೇರಿಂಗ್. ಖಾಲಿ ಟ್ರೇಲರ್ ಸರಿ ಇದ್ದು, ಮಾಲು ಹೇರಿದ ಮೇಲೆ ಮಾತ್ರ ಅಲ್ಲಾಡಿದರೆ ಬೇರೇನೂ ಯೋಚಿಸಬೇಡಿ, ಮಾಲಿನ ಜಾಗ ನೋಡಿ.

ಭಾರ: ಇಲ್ಲೇ ಜಾಸ್ತಿ ಹೊತ್ತು ಕೊಡಿ

ಎತ್ತಿನ ಗಾಡಿಗೆ ಮಾಲು ಹೇರಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಿಂದೆ ಭಾರವಾದರೆ ನೊಗ ಮೇಲೇಳುತ್ತದೆ. ಟ್ರೇಲರ್‌ನಲ್ಲೂ ಹಾಗೇ. ಭಾರ ಅಚ್ಚಿನ ಹಿಂದೆ ಬಿದ್ದರೆ ಮೂಕಿ, ಅಂದರೆ ಕೊಂಡಿಗೆ ಸೇರುವ ಮುಂದಿನ ಕಂಬಿ, ಮೇಲಕ್ಕೆ ಎತ್ತಿಕೊಳ್ಳಲು ನೋಡುತ್ತದೆ. ಕೊಂಡಿಯ ಮೇಲೆ ಒತ್ತು ಬೀಳದ ಟ್ರೇಲರ್ ಅಲ್ಲಾಡಿಯೇ ಅಲ್ಲಾಡುತ್ತದೆ.

ಲೆಕ್ಕ ಸುಲಭ. ಮಾಲು ಸೇರಿ ಟ್ರೇಲರ್ ಎಷ್ಟು ತೂಗುತ್ತದೋ ಅದರಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು. 500 ಕೆಜಿ ಟ್ರೇಲರ್ ಆದರೆ 50ರಿಂದ 75 ಕೆಜಿ. ನಿಮ್ಮ ಕೊಂಡಿಗೆ ಅಥವಾ ಗಾಡಿಗೆ ಕಂಪನಿ ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಆ ಮಿತಿಯೇ ಕೊನೆ. ಆಗ ಮಾಲು ಕಡಿಮೆ ಮಾಡಬೇಕೇ ಹೊರತು ಹಿಂದಕ್ಕೆ ಸರಿಸಿ ಲೆಕ್ಕ ಹೊಂದಿಸಬಾರದು.

ಫರ್ಸಿಯನ್ನೇ ತಗೊಳ್ಳಿ. ಎರಡಡಿ ಉದ್ದ, ಎರಡಡಿ ಅಗಲ, ಒಂದಿಂಚು ದಪ್ಪದ ಕಲ್ಲು ಸುಮಾರು 25 ಕೆಜಿ ತೂಗುತ್ತದೆ. 12 ಕಲ್ಲು ಅಂದರೆ 300 ಕೆಜಿ. ಇಳಿಸಲು ಸುಲಭ ಎಂದು ಅವನ್ನು ಹಿಂದಿನ ಫಾಳಕ್ಕೆ (ಬಾಗಿಲ ಹಲಗೆಗೆ) ಹತ್ತಿರ ನಿಲ್ಲಿಸುತ್ತಾರೆ. ಖಾಲಿ ಟ್ರೇಲರ್ 200 ಕೆಜಿ, ಅದರ ಕೊಂಡಿ ಭಾರ 20 ಕೆಜಿ, ಅಚ್ಚಿನಿಂದ ಕೊಂಡಿಗೆ 8 ಅಡಿ ಎಂದುಕೊಳ್ಳಿ. ಕಲ್ಲಿನ ಭಾರ ಅಚ್ಚಿಗಿಂತ ಒಂದೇ ಒಂದು ಅಡಿ ಹಿಂದೆ ಇದ್ದರೆ ಕೊಂಡಿಯಿಂದ 300ನ್ನು 8ರಿಂದ ಭಾಗಿಸಿದಷ್ಟು, ಅಂದರೆ 37.5 ಕೆಜಿ ಕಳೆಯುತ್ತದೆ. ಇದ್ದ 20 ಕೆಜಿ ಹೋಗಿ, ಮೂಕಿ 17.5 ಕೆಜಿಯಷ್ಟು ಮೇಲಕ್ಕೆ ಎಳೆಯುತ್ತದೆ. ಅದೇ ಕಲ್ಲನ್ನು ಅಚ್ಚಿಗಿಂತ ಒಂದಡಿ ಮುಂದೆ ಇಟ್ಟರೆ ಕೊಂಡಿ ಭಾರ 57.5 ಕೆಜಿ ಆಗುತ್ತದೆ. ಒಟ್ಟು 500 ಕೆಜಿಗೆ ಇದು ನೂರಕ್ಕೆ 11ಕ್ಕಿಂತ ಸ್ವಲ್ಪ ಜಾಸ್ತಿ. ಸರಿಯಾದ ತೂಕ. ಎರಡೇ ಅಡಿ ಸರಿಸಿದ್ದಕ್ಕೆ 75 ಕೆಜಿ ವ್ಯತ್ಯಾಸ! ಒಂದು ಪೈಸೆ ಖರ್ಚಿಲ್ಲ. ಮಾಲು ಹೇರುವ ಹಮಾಲರಿಗೆ ಮೊದಲೇ ಹೇಳಿಬಿಡಿ: “ಅಣ್ಣಾ, ಭಾರ ಅಚ್ಚಿನ ಮುಂದ ಇರ್ಲಿ.” ಹೇರಿದ ಮೇಲೆ ಸರಿಸಿ ಎಂದರೆ ಯಾರಿಗೂ ಬೇಡವಾಗುತ್ತದೆ.

ಒಟ್ಟು ತೂಕಕ್ಕೆ ಗಂಜ್ ಕಡೆ ಹೋಗಿ ಲಾರಿ ತೂಗುವ ಕಾಟಾದ ಮೇಲೆ ಟ್ರೇಲರನ್ನು ಬಿಚ್ಚಿ ನಿಲ್ಲಿಸಿ. ಕೊಂಡಿ ಭಾರಕ್ಕೆ ಆ ಕಾಟಾ ಸಾಲದು, ಅದು 5 ಇಲ್ಲವೇ 10 ಕೆಜಿಯ ಹೆಜ್ಜೆಯಲ್ಲಿ ತೋರಿಸುತ್ತದೆ. ಮನುಷ್ಯರು ನಿಂತು ನೋಡುವ ತೂಕದ ಯಂತ್ರ ಸಾಕು. ಸಮನಾದ ನೆಲದಲ್ಲಿ ಟ್ರೇಲರ್ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಯಂತ್ರದ ಮೇಲೆ ಗಟ್ಟಿ ಮರದ ತುಂಡು ನಿಲ್ಲಿಸಿ ಮೂಕಿಯನ್ನು ಅದರ ಮೇಲೆ ಇಳಿಸಿ. ಮೂಕಿಯ ಎತ್ತರ ಗಾಡಿಗೆ ಸಿಕ್ಕಿಸಿದಾಗ ಎಷ್ಟಿರುತ್ತದೋ ಅಷ್ಟೇ ಇರಬೇಕು. ಮೇಲೆ ಕೆಳಗಾದರೆ ಲೆಕ್ಕ ತಪ್ಪುತ್ತದೆ.

ಯಂತ್ರದ ಮಿತಿ ಮೀರಬಹುದು ಅನ್ನಿಸಿದರೆ ಮೂರಡಿಯ ಗಟ್ಟಿ ಹಲಗೆ ತನ್ನಿ. ಒಂದು ತುದಿ ಯಂತ್ರದ ಮೇಲೆ, ಇನ್ನೊಂದು ತುದಿ ಅಷ್ಟೇ ಎತ್ತರದ ಇಟ್ಟಿಗೆಯ ಮೇಲೆ. ಮೂಕಿಯ ಭಾರವನ್ನು ಇಟ್ಟಿಗೆಯಿಂದ ಒಂದಡಿ, ಯಂತ್ರದಿಂದ ಎರಡಡಿ ದೂರದಲ್ಲಿ ಇಳಿಸಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಮೊದಲು ಹಲಗೆಯ ಭಾರ ಎಷ್ಟು ತೋರಿಸುತ್ತದೆ ನೋಡಿಕೊಂಡು ಕಳೆಯುವುದು ಮರೆಯಬೇಡಿ.

ನೀರಿನ ಟ್ಯಾಂಕ್ ಒಯ್ಯುವವರಿಗೆ ಒಂದು ಮಾತು. ಅರ್ಧ ತುಂಬಿದ ಟ್ಯಾಂಕಿನ ಕೊಂಡಿ ಭಾರ ನಿಂತಾಗ ಒಂದು, ಓಡುವಾಗ ಇನ್ನೊಂದು, ಏಕೆಂದರೆ ನೀರು ಹಿಂದೆ ಮುಂದೆ ಹರಿಯುತ್ತದೆ. ತುಂಬಿಸಿ ಒಯ್ಯಿರಿ, ಇಲ್ಲವೇ ಖಾಲಿ ಒಯ್ಯಿರಿ.

ಭಾರ ಮುಂದೆ ಅತಿಯಾದರೆ

ಅಲ್ಲಾಟಕ್ಕೆ ಹೆದರಿ ಎಲ್ಲವನ್ನೂ ಮೂಕಿಯ ಮೇಲೆ ಹೇರಿದರೆ ಬೇರೆ ತೊಂದರೆ. ಗಾಡಿಯ ಹಿಂಭಾಗ ಕುಸಿಯುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ. ಕಾರಣ ಇಷ್ಟೇ: ಕೊಂಡಿ ಹಿಂದಿನ ಅಚ್ಚಿಗಿಂತ ಹಿಂದಿದೆ. ಇನ್ನೋವಾ ಕ್ರಿಸ್ಟಾದ ಎರಡು ಅಚ್ಚುಗಳ ನಡುವೆ 275 ಸೆಂ.ಮೀ. ಕೊಂಡಿ ಹಿಂದಿನ ಅಚ್ಚಿನಿಂದ 120 ಸೆಂ.ಮೀ. ದೂರ ಇದ್ದು ಅದರ ಮೇಲೆ 80 ಕೆಜಿ ಕೂತರೆ, ಹಿಂದಿನ ಗಾಲಿಗಳಿಗೆ ಬೀಳುವುದು 115 ಕೆಜಿ. ಮುಂದಿನ ಗಾಲಿಗಳಿಂದ 35 ಕೆಜಿ ಕಡಿಮೆಯಾಗುತ್ತದೆ.

ಕ್ರಿಸ್ಟಾದಲ್ಲಿ ಎಳೆಯುವುದು ಹಿಂದಿನ ಗಾಲಿ, ಕೆಳಗೆ ಗಟ್ಟಿ ಚಾಸಿಸ್ ಇದೆ. ಹೈಕ್ರಾಸ್, ಕಾರ್ನಿವಲ್, ಎರ್ಟಿಗಾಗಳಲ್ಲಿ ಎಳೆಯುವುದೂ ತಿರುಗುವುದೂ ಮುಂದಿನ ಗಾಲಿಯೇ. ಅಲ್ಲಿ ಮುಂದಿನ ಭಾರ ಕಡಿಮೆಯಾದರೆ ಮಳೆಯಲ್ಲಿ, ಏರಿನಲ್ಲಿ ಗಾಲಿ ಜಾರುತ್ತದೆ. ಹೀಗೆ ಪರೀಕ್ಷಿಸಿ: ಟ್ರೇಲರ್ ಇಲ್ಲದಾಗ ನಾಲ್ಕೂ ಗಾಲಿಯ ಮೇಲಿನ ಕಮಾನಿನಿಂದ ನೆಲಕ್ಕೆ ಟೇಪು ಹಿಡಿದು ಬರೆದುಕೊಳ್ಳಿ. ಟ್ರೇಲರ್ ಸಿಕ್ಕಿಸಿ ಮತ್ತೆ ಅಳೆಯಿರಿ. ಮುಂಭಾಗ ಕಣ್ಣಿಗೆ ಕಾಣುವಷ್ಟು ಎದ್ದಿದ್ದರೆ ಭಾರ ಇಳಿಸಿ. ಒಳಗೆ ಏಳು ಜನ, ಡಿಕ್ಕಿಯಲ್ಲಿ ಲಗೇಜು, ಅದರ ಮೇಲೆ ಟ್ರೇಲರ್ ಎಂದರೆ ಆಗುವುದಿಲ್ಲ. ಕೊಂಡಿ ಭಾರವೂ ಗಾಡಿ ಹೊರುವ ಭಾರದ ಲೆಕ್ಕಕ್ಕೇ ಸೇರುತ್ತದೆ.

ಗಾಡಿಯ ಪುಸ್ತಕದಲ್ಲಿ ‘ಟ್ರೇಲರ್ ಎಳೆಯಬೇಡಿ’ ಎಂದಿದ್ದರೆ ಅಲ್ಲಿಗೆ ನಿಲ್ಲಿಸಿ. ಬಂಪರಿನ ಕೆಳಗಿರುವ, ಕೆಟ್ಟಾಗ ಎಳೆಸಿಕೊಳ್ಳುವ ಹುಕ್ಕಿಗೆ ಟ್ರೇಲರ್ ಕಟ್ಟುವವರನ್ನು ನೋಡಿದರೆ ಭಯವಾಗುತ್ತದೆ. ಆ ಹುಕ್ಕು ಮೇಲಿನಿಂದ ಬೀಳುವ ಭಾರ ಹೊರಲು ಇರುವುದಲ್ಲ.

ಟೈರಿನ ಗಾಳಿ

ಬೆಳಗ್ಗೆ, ಗಾಡಿ ಓಡುವ ಮೊದಲು, ಟೈರ್ ತಣ್ಣಗಿದ್ದಾಗ ನೋಡಿ. ನಮ್ಮ ಮೇ ತಿಂಗಳ ಬಿಸಿಲಲ್ಲಿ 40 ಡಿಗ್ರಿ ದಾಟಿದ ಮೇಲೆ ಟಾರು ರಸ್ತೆಯಲ್ಲಿ ಓಡಿದ ಟೈರಿನ ಗಾಳಿ ಜಾಸ್ತಿ ತೋರಿಸುತ್ತದೆ. ಉಷ್ಣತೆ ಐದಾರು ಡಿಗ್ರಿ ಏರಿದರೆ ಸುಮಾರು ಒಂದು ಪೌಂಡು ಏರುತ್ತದೆ. ಅದನ್ನು ನೋಡಿ ಗಾಳಿ ಬಿಡಬೇಡಿ. ಸಂಜೆ ತಣ್ಣಗಾದಾಗ ಕಡಿಮೆಯಾಗಿರುತ್ತದೆ, ಮೆತ್ತಗಿನ ಟೈರಿನ ಬದಿ ಮಡಚಿ ಮಡಚಿ ಬಿಸಿಯಾಗಿ ಒಡೆಯುತ್ತದೆ.

ಟ್ರೇಲರಿಗೆ ಹಳೇ ಟೈರ್ ಹಾಕುವ ರೂಢಿ ಇದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಹೂವು (ಮೇಲಿನ ಗೀರುಗಳು) ಎಷ್ಟೇ ಉಳಿದಿದ್ದರೂ ಬದಿಯಲ್ಲಿ ಸಣ್ಣ ಬಿರುಕು ಕಂಡರೆ ಅದನ್ನು ಹೆದ್ದಾರಿಗೆ ತರಬೇಡಿ. ಗಾಡಿಯ ಹಿಂದಿನ ಟೈರನ್ನೂ ಪರೀಕ್ಷಿಸಿ, ಅಲ್ಲಿ ಗಾಳಿ ಕಡಿಮೆಯಿದ್ದರೂ ಅಲ್ಲಾಟ ಬರುತ್ತದೆ.

ಕೊಂಡಿ

ಗುಂಡು ಕೊಂಡಿಯಾದರೆ ಗುಂಡಿನ ಅಳತೆಗೂ ಮೇಲಿನ ಟೋಪಿಯ ಅಳತೆಗೂ ಹೊಂದಿಕೆ ಬೇಕು. 50 ಮಿ.ಮೀ. ಗುಂಡೂ ಇದೆ, ಅದಕ್ಕಿಂತ ಸಣ್ಣ 47.6 ಮಿ.ಮೀ. ಗುಂಡೂ ಇದೆ. ಕಣ್ಣಿಗೆ ಎರಡೂ ಒಂದೇ. ಲೇಥ್ ಅಂಗಡಿಯಲ್ಲಿ ವರ್ನಿಯರ್ ಹಿಡಿಸಿ ನೋಡಿ. 50ರ ಗುಂಡು ಸವೆದು 49ಕ್ಕೆ ಬಂದಿದ್ದರೆ ಬದಲಿಸಿ. ಸಿಕ್ಕಿಸಿದ ಮೇಲೆ ಮೂಕಿಯ ಕೆಳಗೆ ಜಾಕ್ ಕೊಟ್ಟು ಎತ್ತಿ. ಗಾಡಿಯ ಹಿಂಭಾಗವೂ ಜೊತೆಗೆ ಮೇಲೇಳಬೇಕು. ಟೋಪಿ ಗುಂಡಿನಿಂದ ಬಿಟ್ಟು ಎದ್ದರೆ ಬೀಗ ಕೂತಿಲ್ಲ.

ಟ್ರ್ಯಾಕ್ಟರಿಗೆ ಹಾಕುವ ಪಿನ್ನು-ಕಣ್ಣಿನ ಕೊಂಡಿಯನ್ನು ವ್ಯಾನಿಗೆ ಬೆಸುಗೆ ಹಾಕಿಸುವುದು ನಮ್ಮಲ್ಲಿ ಉಂಟು. ಟ್ರ್ಯಾಕ್ಟರ್ ನಿಧಾನ ಹೋಗುವುದರಿಂದ ಸಡಿಲವಿದ್ದರೂ ನಡೆಯುತ್ತದೆ. ವ್ಯಾನಿನ ವೇಗದಲ್ಲಿ ಆ ಸಡಿಲವೇ ಬಡಿದು ಬಡಿದು ತೂತನ್ನು ಅಗಲ ಮಾಡುತ್ತದೆ. ನನ್ನ ಮಟ್ಟಿಗೆ ಅದು ಬೇಡ.

ಬೆಸುಗೆಯನ್ನು ಟಾರ್ಚ್ ಹಿಡಿದು ನೋಡಿ. ಬಣ್ಣ ಸೀಳಿ, ಆ ಗೆರೆಯಲ್ಲಿ ತುಕ್ಕು ಇಳಿದಿದ್ದರೆ ಒಳಗೆ ಕಬ್ಬಿಣ ಬಿರುಕು ಬಿಟ್ಟಿದೆ ಎಂದೇ ತಿಳಿಯಿರಿ. ಎರಡು ಸರಪಳಿ ಇರಲೇಬೇಕು. ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಕಟ್ಟಿ. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಕುಟ್ಟದೆ ಸರಪಳಿಯ ಮೇಲೆ ನಿಲ್ಲುತ್ತದೆ. ಸರಪಳಿ ನೆಲಕ್ಕೆ ಒರೆಸಬಾರದು, ತಿರುವಿನಲ್ಲಿ ಬಿಗಿಯಲೂ ಬಾರದು.

ಗಾಲಿ, ಬೇರಿಂಗ್, ಅಚ್ಚು

ಹತ್ತು-ಹದಿನೈದು ಕಿ.ಮೀ. ಓಡಿಸಿ ನಿಲ್ಲಿಸಿ. ಎರಡೂ ಹಬ್ಬಿನ, ಅಂದರೆ ಗಾಲಿಯ ನಡುಭಾಗದ, ಹತ್ತಿರ ಕೈ ತಂದು ಶಾಖ ನೋಡಿ, ಒಮ್ಮೆಲೇ ಮುಟ್ಟಬೇಡಿ. ಎರಡೂ ಒಂದೇ ರೀತಿ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಗ್ರೀಸ್ ಒಣಗಿದೆ, ಇಲ್ಲಾ ನಟ್ಟು ಅತಿ ಬಿಗಿಯಾಗಿದೆ. ಆಮೇಲೆ ಜಾಕ್ ಮೇಲೆ ಎತ್ತಿ ಗಾಲಿಯ ಮೇಲ್ತುದಿ, ಕೆಳತುದಿ ಹಿಡಿದು ಅಲ್ಲಾಡಿಸಿ. ಟಕಟಕ ಅಂದರೆ ಬೇರಿಂಗ್ ಸಡಿಲ. ಕೈಯಿಂದ ತಿರುಗಿಸಿದಾಗ ಮರಳು ಸಿಕ್ಕಿದ ಹಾಗೆ ಕರಕರ ಅಂದರೆ ಬದಲಿಸಲೇಬೇಕು, ಬರೀ ಗ್ರೀಸ್ ಹಾಕಿ ಕಳಿಸಬೇಡಿ.

ಟ್ರೇಲರ್ ಗಾಡಿಯ ಹಿಂದೆ ಓರೆಯಾಗಿ ಓಡುತ್ತಿದ್ದರೆ ಟೇಪು ಹಿಡಿಯಿರಿ. ಕೊಂಡಿಯ ನಡು ಬಿಂದುವಿನಿಂದ ಎಡ ಹಬ್ಬಿನ ನಡುವಿಗೆ ಎಷ್ಟು, ಬಲ ಹಬ್ಬಿಗೆ ಎಷ್ಟು? ಎರಡೂ ಒಂದೇ ಇರಬೇಕು. ವ್ಯತ್ಯಾಸ ಇದ್ದರೆ ಅಚ್ಚು ಸರಿದಿದೆ. ಪಾಟಾದ (ಪಟ್ಟಿ ಸ್ಪ್ರಿಂಗಿನ) ನಡುವಿನ ಬೋಲ್ಟ್ ತುಂಡಾಗಿ ಒಂದು ಬದಿ ಹಿಂದಕ್ಕೆ ಜಾರುವುದು ಇದಕ್ಕೆ ಸಾಮಾನ್ಯ ಕಾರಣ. ಪಾಟಾವನ್ನು ಅಚ್ಚಿಗೆ ಬಿಗಿದಿಡುವ ಯು ಬೋಲ್ಟ್ ಸಡಿಲವಾಗಿದ್ದಾಗ ಅದು ತುಂಡಾಗುತ್ತದೆ. ಹಾಗಾಗಿ ಹೊಸ ಬೋಲ್ಟ್ ಹಾಕಿ ಯು ಬೋಲ್ಟ್ ಹಾಗೇ ಬಿಟ್ಟರೆ ಮತ್ತೆ ಅದೇ ಕಥೆ.

ದೀಪಗಳು

ಇಂಡಿಕೇಟರ್ ಹಾಕಿದರೆ ಎಲ್ಲ ದೀಪವೂ ಮಂದವಾಗಿ ಮಿಣುಕಿದರೆ, ಅಥವಾ ಬ್ರೇಕ್ ಒತ್ತಿದರೆ ಟೇಲ್ ಲೈಟ್ ಆರಿದರೆ, ಬಲ್ಬ್ ಬದಲಿಸುತ್ತಾ ಕೂರಬೇಡಿ. ಅದು ಅರ್ಥಿಂಗ್ ತೊಂದರೆ. ಒಂದು ವೈರ್ ತಗೊಂಡು ಟ್ರೇಲರ್ ದೀಪದ ಅರ್ಥಿನಿಂದ ನೇರ ಗಾಡಿ ಬ್ಯಾಟರಿಯ ಮೈನಸ್‌ಗೆ ಮುಟ್ಟಿಸಿ. ದೀಪ ಸರಿಯಾದರೆ ರೋಗ ಸಿಕ್ಕಿತು. ಏಳು ಪಿನ್ನಿನ ಸಾಕೆಟ್‌ನಲ್ಲಿ ಅರ್ಥಿಗೆ 3ನೇ ಪಿನ್ನು, ಬಿಳಿ ವೈರು. ನಮ್ಮಲ್ಲಿ ಕೈಗೆ ಸಿಕ್ಕ ಬಣ್ಣ ಹಾಕಿರುತ್ತಾರೆ, ಬಣ್ಣ ನಂಬದೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಕೊಂಡಿಯ ಕಬ್ಬಿಣವೇ ಅರ್ಥ್ ಆಗಲಿ ಎಂದು ಬಿಟ್ಟರೆ ಕುಲುಕಿದಾಗಲೆಲ್ಲ ದೀಪ ಹೋಗಿ ಬರುತ್ತದೆ. ಹೊಸ ಗಾಡಿಗಳಲ್ಲಿ ವೈರ್ ಸುಲಿದು ನೇರ ಜೋಡಿಸಬೇಡಿ. ರಿಲೇ ಇರುವ ಬೇರೆ ವೈರಿಂಗ್ ಹಾಕಿಸಿ.

ಏರು, ಇಳಿಜಾರು

ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್, ಬೀದರ್ 700 ಮೀಟರ್ ಆಸುಪಾಸು. ಹೋಗುವಾಗ ಒಟ್ಟಾರೆ ಏರು. ಕ್ಲಚ್ ಸುಟ್ಟ ವಾಸನೆ ಬಂದರೆ, ಇಂಜಿನ್ ಬಿಸಿಯ ಮುಳ್ಳು ಏರಿದರೆ ಕೆಳ ಗೇರಿಗೆ ಬಂದು ಎಸಿ ಆರಿಸಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ. ಬರುವಾಗ ಇಳಿಜಾರಿನಲ್ಲಿ ಗೇರಿನಿಂದಲೇ ತಡೆಯಿರಿ. ಬ್ರೇಕ್ ಪೆಡಲ್ ಮೆತ್ತಗಾಗಿ ಆಳಕ್ಕೆ ಹೋಗುತ್ತಿದೆ ಎಂದರೆ ಬ್ರೇಕ್ ಕಾದಿದೆ. ಯುರೋಪಿನಲ್ಲಿ 750 ಕೆಜಿ ದಾಟಿದ ಟ್ರೇಲರಿಗೆ ಅದರದೇ ಬ್ರೇಕ್ ಇರಬೇಕೆಂಬ ನಿಯಮ ಇದೆ. ಬ್ರೇಕ್ ಇಲ್ಲದ ನಮ್ಮ ಟ್ರೇಲರುಗಳಿಗೂ ಅದನ್ನೇ ಮೇಲ್ಮಿತಿ ಎಂದು ಇಟ್ಟುಕೊಳ್ಳಿ. ಗಾಡಿ ಕಂಪನಿ ಇನ್ನೂ ಕಡಿಮೆ ಹೇಳಿದ್ದರೆ ಅಷ್ಟೇ.

ಟ್ರೇಲರ್ ಕೂಡ ಕಾನೂನಿನ ಕಣ್ಣಿಗೆ ವಾಹನವೇ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೆ ಬೇರೆ ವ್ಯಾಖ್ಯಾನ ಇದೆ, ನೋಂದಣಿ ಬೇಕು. ಕೊಂಡಿ ಹಾಕಿಸುವ ಮೊದಲು ಆರ್‌ಟಿಒದಲ್ಲೂ ವಿಮೆಯವರಲ್ಲೂ ಕೇಳಿ.

ಸರಿಯಾಯಿತೋ ಇಲ್ಲವೋ?

ಬೆಳಗಿನ ಜಾವ ಗಾಡಿ ಕಡಿಮೆ ಇರುವ ನೇರ ರಸ್ತೆಯಲ್ಲಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಭಾರ ಸರಿಸಿ, ಗಾಳಿ ತುಂಬಿಸಿ, ಬೋಲ್ಟ್ ಬಿಗಿದು ಎಲ್ಲ ಒಟ್ಟಿಗೆ ಮಾಡಿದರೆ ತಪ್ಪು ಯಾವುದಿತ್ತು ಎಂದು ಗೊತ್ತಾಗುವುದೇ ಇಲ್ಲ. 40ರಲ್ಲಿ ಸ್ವಲ್ಪ ದೂರ, ಆಮೇಲೆ 50, ಆಮೇಲೆ 60. ಪ್ರತಿ ಹಂತದಲ್ಲೂ ಕನ್ನಡಿಯಲ್ಲಿ ಟ್ರೇಲರಿನ ಎರಡೂ ಅಂಚು ನೋಡುತ್ತಿರಿ. ಅಲ್ಲಾಟ ಬಂದ ವೇಗವನ್ನು ಬರೆದುಕೊಳ್ಳಿ. ಮಾಲು ಮುಂದೆ ಸರಿಸಿದ ಮೇಲೆ ಆ ವೇಗದಲ್ಲಿ ಅಲ್ಲಾಟ ಇಲ್ಲದಿದ್ದರೆ ಕಾರಣ ಸಿಕ್ಕಿತು. ಹಾಗೆಂದು 80ಕ್ಕೆ ಹೋಗಿ ನೋಡುವುದು ಬೇಡ, ಮಾಲು ಹೇರಿದ ಟ್ರೇಲರಿಗೆ 60 ಸಾಕು. ಗಾಲಿ ಬಿಚ್ಚಿ ಹಾಕಿದ್ದರೆ 50 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ.

ಕೊಂಡಿ ಭಾರ ಸರಿ ಇದೆ, ಗಾಳಿ ಸರಿ ಇದೆ, ಅಚ್ಚಿನ ಅಳತೆ ಸರಿ ಇದೆ, ಆದರೂ ಖಾಲಿ ಟ್ರೇಲರ್ 50ರಲ್ಲೇ ಅಲ್ಲಾಡುತ್ತದೆ ಎಂದರೆ ಮೂಕಿಯೇ ಗಿಡ್ಡ ಇರಬಹುದು, ಅಥವಾ ಅಚ್ಚನ್ನು ತೀರಾ ಮುಂದೆ ಕೂಡಿಸಿರಬಹುದು. ಅದು ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಂಥ ಕಡೆ ಟ್ರೇಲರ್ ಕಟ್ಟುವ ಒಳ್ಳೆಯ ಫ್ಯಾಬ್ರಿಕೇಶನ್ ಅಂಗಡಿಯವರ ಕೆಲಸ. ಕೊಂಡಿಯಲ್ಲಿ ಬಿರುಕು ಕಂಡ ದಿನ ಮಾತ್ರ ಯಾವ ಪರೀಕ್ಷೆಯೂ ಬೇಡ. ಟ್ರೇಲರನ್ನು ಅಲ್ಲೇ ಬಿಚ್ಚಿ ಗಾಲಿಗೆ ಕಲ್ಲು ಕೊಡಿ, ಮಾಲಿಗೆ ಬಾಡಿಗೆ ಟೆಂಪೊ ಕರೆಸಿ.